ಮೊಡವೆ ಗುಳಿಗೆ, ಸುಕ್ಕಿಗೆ ಫ್ರಾಕ್ಷನಲ್ ಲೇಸರ್: ಎಲ್ಲಿ ಫಲಿಸುತ್ತದೆ, ಎಲ್ಲಿ ಕೈಕೊಡುತ್ತದೆ

ಮೊಡವೆ ಬಿಟ್ಟುಹೋದ ಗುಳಿಗಳಿಗೂ ಮುಖದ ಸಣ್ಣ ಸುಕ್ಕುಗಳಿಗೂ ಚರ್ಮದ ಕ್ಲಿನಿಕ್‌ಗಳಲ್ಲಿ ಹೆಚ್ಚಾಗಿ ಸೂಚಿಸುವ ಚಿಕಿತ್ಸೆ ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್. ಅಂಚು ಕಡಿದಾದ, ತಳ ಅಗಲವಾದ ಗುಳಿಗಳಿಗೆ ಇದು ನಿಜಕ್ಕೂ ಒಳ್ಳೆಯದು. ಮುಖ ಸುಮ್ಮನಿದ್ದಾಗಲೂ ಕಣ್ಣಿನ ಕೆಳಗೆ, ತುಟಿಯ ಸುತ್ತ ಉಳಿದುಬಿಡುವ ಗೆರೆಗಳಿಗೂ ಅಷ್ಟೇ. ಆದರೆ ಸೂಜಿಯಿಂದ ಚುಚ್ಚಿದಂಥ ಆಳವಾದ ತೂತುಗಳಿಗೆ ಇದೊಂದನ್ನೇ ನೆಚ್ಚಿಕೊಂಡರೆ ಹಣವೂ ದಂಡ, ಪಟ್ಟ ನೋವೂ ದಂಡ. ಯಂತ್ರದ ಹೆಸರಿಗೆ, ಜಾಹೀರಾತಿನ ಚಿತ್ರಗಳಿಗೆ ಕೊಡುವ ಗಮನವನ್ನು ಮೂರು ಸಂಗತಿಗಳಿಗೆ ಕೊಡುವುದು ಲೇಸು: ಗುಳಿ ಯಾವ ಬಗೆಯದು, ಯಂತ್ರದಲ್ಲಿ ಇಟ್ಟ ಶಕ್ತಿ ಮತ್ತು ಸಾಂದ್ರತೆ ಎಷ್ಟು, ಆಮೇಲಿನ ವಾರಗಳಲ್ಲಿ ಚರ್ಮವನ್ನು ಹೇಗೆ ನೋಡಿಕೊಳ್ಳಲಾಗುತ್ತದೆ.

ಈ ಲೇಸರಿನ ತರಂಗಾಂತರ 10,600 ನ್ಯಾನೋಮೀಟರ್. ಆ ಬೆಳಕನ್ನು ಚರ್ಮದೊಳಗಿನ ನೀರು ಹೀರಿಕೊಳ್ಳುತ್ತದೆ, ಹೀರಿಕೊಂಡ ಜಾಗ ಕ್ಷಣದಲ್ಲಿ ಆವಿಯಾಗುತ್ತದೆ. ಹಿಂದೆ ಇದೇ ಲೇಸರಿನಿಂದ ಮುಖದ ಮೇಲ್ಪದರವನ್ನು ಪೂರ್ತಿಯಾಗಿ ತೆಗೆಯುತ್ತಿದ್ದರು. ಸುಕ್ಕು ಚೆನ್ನಾಗಿ ಹೋಗುತ್ತಿತ್ತು, ಆದರೆ ಎರಡು ವಾರ ಹಸಿ ಗಾಯ, ತಿಂಗಳುಗಟ್ಟಲೆ ಕೆಂಪು. ಕೆಲವರಿಗೆ ಆರು ತಿಂಗಳೋ ವರ್ಷವೋ ಕಳೆದ ಮೇಲೆ ಚರ್ಮ ಶಾಶ್ವತವಾಗಿ ಬಿಳಿಚಿಕೊಳ್ಳುತ್ತಿತ್ತು. 2004ರಲ್ಲಿ ಪ್ರಕಟವಾದ ಫ್ರಾಕ್ಷನಲ್ ವಿಧಾನ ಈ ಲೆಕ್ಕಾಚಾರವನ್ನೇ ಬದಲಿಸಿತು. ಇದರಲ್ಲಿ ಕಿರಣ ಜರಡಿಯ ಕಣ್ಣುಗಳಂತೆ ಬಿಡಿಬಿಡಿ ಚುಕ್ಕಿಗಳಾಗಿ ಬೀಳುತ್ತದೆ. ಸುಮಾರು 0.1 ಮಿಲಿಮೀಟರ್ ಅಗಲದ ತೂತುಗಳ ನಡುವೆ ಮುಟ್ಟದ ಚರ್ಮ ಉಳಿದಿರುತ್ತದೆ, ಅಲ್ಲಿನ ಜೀವಕೋಶಗಳು ಪಕ್ಕದಿಂದ ಸರಿದು ಬಂದು ಗಾಯವನ್ನು ಮುಚ್ಚುತ್ತವೆ. ತೂತಿನ ಗೋಡೆಗೆ ತಗುಲಿದ ಬಿಸಿಯಿಂದ, ಚರ್ಮಕ್ಕೆ ಬಿಗಿ ಕೊಡುವ ಕೊಲಾಜೆನ್ ಎಂಬ ಪ್ರೋಟೀನಿನ ಹಳೆಯ ಎಳೆಗಳು ಕುಗ್ಗುತ್ತವೆ, ಮುಂದಿನ ತಿಂಗಳುಗಳಲ್ಲಿ ಹೊಸದು ಹುಟ್ಟುತ್ತದೆ. ಗುಳಿಯ ತಳ ಮೇಲೇರುವುದು ಈ ಎರಡನೆಯ ಕೆಲಸದಿಂದ.

ಇದೇ ಕುಟುಂಬದ ಎರ್ಬಿಯಂ ಯಾಗ್ ಲೇಸರಿನದು 2,940 ನ್ಯಾನೋಮೀಟರ್. ನೀರು ಅದನ್ನು ಹತ್ತು ಪಟ್ಟಿಗೂ ಹೆಚ್ಚು ಬಲವಾಗಿ ಹೀರಿಕೊಳ್ಳುವುದರಿಂದ ಸುತ್ತಲಿನ ಚರ್ಮಕ್ಕೆ ಹರಡುವ ಬಿಸಿ ಕಡಿಮೆ. ಗಾಯ ಬೇಗ ಮಾಯುತ್ತದೆ, ಕಪ್ಪು ಬೀಳುವ ಸಂಭವವೂ ಕಡಿಮೆ. ಆದರೆ ಬಿಸಿ ಕಡಿಮೆಯಾದುದರಿಂದಲೇ ರಕ್ತ ಜಿನುಗುವುದು ಹೆಚ್ಚು, ಚರ್ಮ ಬಿಗಿಯಾಗುವುದು ಕಡಿಮೆ. 1,550 ನ್ಯಾನೋಮೀಟರಿನ ಲೇಸರುಗಳು ತೂತನ್ನೇ ಕೊರೆಯದೆ ಒಳಗೆ ಬಿಸಿ ಮಾಡುತ್ತವೆ. ಎರಡು ಮೂರು ದಿನದ ಊತಕ್ಕಿಂತ ಹೆಚ್ಚು ತೊಂದರೆ ಸಾಮಾನ್ಯವಾಗಿ ಇರುವುದಿಲ್ಲ, ಬದಲಿಗೆ ಹೆಚ್ಚು ಸಲ ಮಾಡಿಸಬೇಕು.

ಈಗ ಗುಳಿಯ ಬಗೆ. ಇದನ್ನು ನೋಡದೆ ಯಂತ್ರ ಚಾಲೂ ಮಾಡುವ ಕಡೆ ಮುಖ ಕೊಡಬಾರದು. ನೇರ ಬೆಳಕಿನಲ್ಲಿ ಗುಳಿಗಳು ಮರೆಯಾಗುತ್ತವೆ, ದೀಪವನ್ನು ಪಕ್ಕದಿಂದ ಹಿಡಿದಾಗ ನೆರಳು ಬಿದ್ದು ಆಳ ಗೊತ್ತಾಗುತ್ತದೆ. ಎರಡು ಬೆರಳಿನಿಂದ ಚರ್ಮ ಎಳೆದಾಗ ಗುಳಿ ಮಾಯವಾದರೆ ಅದು ಅಲೆಯಂಥ ಗುಳಿ, ಅಗಲ 4–5 ಮಿಲಿಮೀಟರಿಗಿಂತ ಹೆಚ್ಚು. ಅದರ ಕೆಳಗೆ ನಾರಿನ ಎಳೆಗಳು ಚರ್ಮವನ್ನು ಒಳಕ್ಕೆ ಜಗ್ಗಿ ಹಿಡಿದಿರುತ್ತವೆ. ಮೇಲಿನಿಂದ ಎಷ್ಟು ಲೇಸರ್ ಹೊಡೆದರೂ ಆ ಎಳೆಗಳು ಬಿಡುವುದಿಲ್ಲ. ಸಬ್‌ಸಿಶನ್ ಎಂಬ ವಿಧಾನದಲ್ಲಿ ಸೂಜಿ ಅಥವಾ ಮೊಂಡು ತುದಿಯ ಸಣ್ಣ ಕೊಳವೆಯನ್ನು (ಕ್ಯಾನ್ಯುಲಾ) ಚರ್ಮದಡಿ ತೂರಿಸಿ ಅವನ್ನು ಮೊದಲು ಕತ್ತರಿಸಬೇಕು. ಎಳೆದರೂ ಹಾಗೇ ಇರುವ, ಅಂಚು ಚೂಪಾದ, 1.5ರಿಂದ 4 ಮಿಲಿಮೀಟರ್ ಅಗಲದ ಗುಳಿ ಪೆಟ್ಟಿಗೆ ಆಕಾರದ್ದು. ಲೇಸರಿಗೆ ಇದೇ ತಕ್ಕ ಗುಳಿ, ಅದರಲ್ಲೂ ಆಳ ಅರ್ಧ ಮಿಲಿಮೀಟರಿಗಿಂತ ಕಡಿಮೆ ಇದ್ದರೆ.

ಮೂರನೆಯದು 2 ಮಿಲಿಮೀಟರಿಗಿಂತ ಕಿರಿದಾಗಿ ಕೆಳಕ್ಕೆ ಇಳಿದ ತೂತು. ಇದಕ್ಕೆ ಹೆಚ್ಚು ಒಗ್ಗುವುದು ಕ್ರಾಸ್ ವಿಧಾನ. ಶೇಕಡಾ 70ರಿಂದ 100ರಷ್ಟು ತೀಕ್ಷ್ಣವಾದ ಟ್ರೈಕ್ಲೋರೋ ಅಸೆಟಿಕ್ ಆಮ್ಲವನ್ನು ಚೂಪಾದ ಕಡ್ಡಿಯ ತುದಿಯಿಂದ ತೂತಿನ ತಳಕ್ಕೆ ಮಾತ್ರ ಮುಟ್ಟಿಸುತ್ತಾರೆ. ಕೆಲವೇ ಸೆಕೆಂಡಿನಲ್ಲಿ ಆ ಜಾಗ ಬೆಳ್ಳಗಾಗುತ್ತದೆ. ಹನಿ ಅಂಚಿನಾಚೆ ಹರಿದರೆ ತೂತು ಇನ್ನೂ ಅಗಲವಾಗುತ್ತದೆ, ಹಾಗಾಗಿ ಇದು ಅವಸರದ ಕೈಗೆ ಸಲ್ಲದ ಕೆಲಸ. ಮನೆಯಲ್ಲಂತೂ ಮಾಡಲೇಬಾರದು. ತೀರಾ ಆಳದವುಗಳನ್ನು ಪಂಚ್ ಎಂಬ ದುಂಡು ಅಲಗಿನ ಸಾಧನದಿಂದ ಕತ್ತರಿಸಿ ಹೊಲಿಗೆ ಹಾಕುವುದೂ ಉಂಟು. ಹೆಚ್ಚಿನ ಮುಖಗಳಲ್ಲಿ ಮೂರೂ ಬಗೆ ಬೆರೆತಿರುತ್ತವೆ. ಎಳೆ ಬಿಡಿಸಿ, ಆಮ್ಲ ಮುಟ್ಟಿಸಿ, ಕೊನೆಗೆ ಲೇಸರಿನಿಂದ ಒಟ್ಟು ಮೇಲ್ಮೈಯನ್ನು ನಯ ಮಾಡುವ ಕ್ರಮಕ್ಕೆ ಸಿಗುವ ಫಲ ಬರೀ ಲೇಸರಿಗೆ ಸಿಗುವುದಿಲ್ಲ.

ಮುಟ್ಟಿದರೆ ಸಮತಟ್ಟಾಗಿದ್ದು ಬಣ್ಣ ಮಾತ್ರ ಕಪ್ಪಾಗಿರುವುದು ಗುಳಿಯಲ್ಲ, ಮೊಡವೆಯ ಕಲೆ. ಅದಕ್ಕೆ ಈ ಲೇಸರ್ ಬೇಡ. ಬಿಸಿ ತಾಗಿ ಅದು ಇನ್ನಷ್ಟು ಕಪ್ಪಾಗಬಹುದು, ಬಂಗು ಇರುವವರಿಗೂ ಇದೇ ಭಯ.

ಯಂತ್ರದ ಪರದೆಯ ಮೇಲೆ ಗಮನಿಸಬೇಕಾದ ಅಂಕಿ ಎರಡು. ಒಂದೊಂದು ಚುಕ್ಕಿಗೆ ಕೊಡುವ ಶಕ್ತಿ ಮಿಲಿಜೌಲ್ ಲೆಕ್ಕದಲ್ಲಿರುತ್ತದೆ, ತೂತಿನ ಆಳ ಅದರಿಂದ ನಿರ್ಧಾರವಾಗುತ್ತದೆ. ಚುಕ್ಕಿಯ ಗಾತ್ರ ಯಂತ್ರದಿಂದ ಯಂತ್ರಕ್ಕೆ ಬೇರೆಯಾದ್ದರಿಂದ ಒಂದು ಕಡೆಯ ಮಿಲಿಜೌಲನ್ನು ಇನ್ನೊಂದು ಕಡೆಯದರ ಜತೆ ಹೋಲಿಸಿ ಪ್ರಯೋಜನವಿಲ್ಲ. ಎರಡನೆಯದು ಸಾಂದ್ರತೆ, ಅಂದರೆ ಒಟ್ಟು ಚರ್ಮದ ಶೇಕಡಾ ಎಷ್ಟು ಭಾಗಕ್ಕೆ ತೂತು ಬೀಳುತ್ತದೆ ಎಂಬುದು. ಕಂದು ಬಣ್ಣದ ಚರ್ಮದಲ್ಲಿ, ಅಂದರೆ ಚರ್ಮವನ್ನು ಆರು ಬಗೆಯಾಗಿ ವಿಂಗಡಿಸುವ ಫಿಟ್ಸ್‌ಪ್ಯಾಟ್ರಿಕ್ ವರ್ಗೀಕರಣದ 4ರಿಂದ 6ನೆಯ ಬಗೆಯಲ್ಲಿ, ಕಪ್ಪು ಬೀಳುವುದಕ್ಕೆ ಶಕ್ತಿಗಿಂತ ಹೆಚ್ಚಾಗಿ ಕಾರಣವಾಗುವುದು ಈ ಸಾಂದ್ರತೆ. ಆದ್ದರಿಂದ ಅಂಥ ಚರ್ಮಕ್ಕೆ ಆಳ ಬೇಕಿದ್ದರೆ ಶಕ್ತಿ ಏರಿಸಿ, ಸಾಂದ್ರತೆಯನ್ನು ಕೆಳಗೇ ಇಟ್ಟು, ಸಲಗಳನ್ನು ಹೆಚ್ಚಿಸುವುದು ಸರಿ. ಶೇಕಡಾ 10ರಲ್ಲಿ ಎರಡು ಸುತ್ತು ಹೊಡೆದರೆ ಒಟ್ಟು ಸುಮಾರು 20 ಆಗುತ್ತದೆ ಎಂಬುದನ್ನು ಮರೆಯುವವರು ಬಹಳ. ಚುಕ್ಕಿಗಳು ಒಂದು ಹೊಡೆತಕ್ಕೆ ಒಂದು ಚೌಕದಷ್ಟು ಜಾಗದಲ್ಲಿ ಬೀಳುತ್ತವೆ; ಒಂದು ಚೌಕದ ಅಂಚಿನ ಮೇಲೆ ಇನ್ನೊಂದು ಚೌಕ ಹತ್ತಿದರೆ ಆ ಗೆರೆಯುದ್ದಕ್ಕೂ ಬಿಸಿ ಇಮ್ಮಡಿಯಾಗಿ, ವಾಸಿಯಾದ ಮೇಲೆ ಕೆನ್ನೆಯ ಮೇಲೆ ಚೌಕುಳಿಯೇ ಮೂಡುತ್ತದೆ. ಒಂದೇ ಜಾಗಕ್ಕೆ ಮರಳುವ ಮೊದಲು ಚರ್ಮ ತಣಿಯಲು ಬಿಡಬೇಕು. ಕಂದು ಚರ್ಮಕ್ಕೆ ಕಿವಿಯ ಮುಂದೆ ಅಥವಾ ದವಡೆಯಂಚಿನಲ್ಲಿ ಸಣ್ಣ ಜಾಗಕ್ಕೆ ಮೊದಲು ಪರೀಕ್ಷೆ ಮಾಡಿ ನಾಲ್ಕರಿಂದ ಆರು ವಾರ ಕಾದು ನೋಡುವ ವೈದ್ಯರು ಸಿಕ್ಕರೆ ಅವರನ್ನು ನಂಬಬಹುದು.

ಮೊದಲ ಭೇಟಿಯಲ್ಲಿ ವೈದ್ಯರು ಕೇಳಲೇಬೇಕಾದ ಪ್ರಶ್ನೆಗಳಿವೆ, ಅವರು ಕೇಳದಿದ್ದರೆ ನೀವೇ ಹೇಳಿ. ತುಟಿಯ ಮೇಲೆ ಎಂದಾದರೂ ನೀರುಗುಳ್ಳೆಗಳ ಗೊಂಚಲು ಎದ್ದಿತ್ತೇ? ಅದು ಹರ್ಪಿಸ್ ವೈರಸ್, ಲೇಸರ್ ಅದನ್ನು ಕೆರಳಿಸಿ ಹಸಿ ಮುಖದ ತುಂಬ ಹಬ್ಬಿಸಬಲ್ಲದು. ಹಿಂದಿನ ದಿನದಿಂದಲೇ ವೈರಸ್ ತಡೆಯುವ ಮಾತ್ರೆ ಶುರು ಮಾಡಿ ಚರ್ಮ ಮುಚ್ಚುವವರೆಗೆ ಮುಂದುವರಿಸುತ್ತಾರೆ. ಗಾಯದ ಗುರುತು ಉಬ್ಬಿ ಬೆಳೆಯುವ ಕೀಲಾಯ್ಡ್ ಸ್ವಭಾವ, ಹರಡುತ್ತಿರುವ ತೊನ್ನು, ಮುಖಕ್ಕೆ ಹಿಂದೆ ಆದ ವಿಕಿರಣ ಚಿಕಿತ್ಸೆ, ಗರ್ಭ, ಇವುಗಳಿದ್ದರೆ ಬೇಡ. ಹೊಸ ಮೊಡವೆ ಏಳುತ್ತಲೇ ಇದ್ದರೆ ಮೊದಲು ಅದು ನಿಲ್ಲಬೇಕು, ಇಲ್ಲದಿದ್ದರೆ ಒಂದು ಕಡೆ ಗುಳಿ ತುಂಬುವಾಗ ಇನ್ನೊಂದು ಕಡೆ ಹೊಸದು ಬೀಳುತ್ತದೆ. ಮೊಡವೆಗೆ ಐಸೊಟ್ರೆಟಿನಾಯಿನ್ ನುಂಗುತ್ತಿದ್ದರೆ ಅದನ್ನು ನಿಲ್ಲಿಸಿದ ಮೇಲೆ ಆರು ತಿಂಗಳು ಕಾಯುವುದು ಹಳೆಯ ನಿಯಮ. ಈಚೆಗೆ ತಜ್ಞರು ಇದನ್ನು ಸಡಿಲಿಸಿದ್ದಾರೆ, ಆದರೆ ಮೇಲ್ಪದರವನ್ನು ಪೂರ್ತಿ ತೆಗೆಯುವ ಲೇಸರಿಗೆ ಈಗಲೂ ಕಾಯಿಸುತ್ತಾರೆ. ಬಿಸಿಲಿಗೆ ಹೊಸದಾಗಿ ಕಂದಿದ ಮುಖಕ್ಕೂ ಲೇಸರ್ ಮಾಡಬಾರದು.

ಚಿಕಿತ್ಸೆಯ ದಿನ ಹೆಚ್ಚು ಹೊತ್ತು ಹೋಗುವುದು ಮರಗಟ್ಟಿಸುವ ಕ್ರೀಮಿಗೆ. ಲಿಡೋಕೇನ್ 2.5, ಪ್ರಿಲೋಕೇನ್ 2.5 ಶೇಕಡಾ ಇರುವ ಕ್ರೀಮನ್ನು ದಪ್ಪಗೆ ಹಚ್ಚಿ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ 45ರಿಂದ 60 ನಿಮಿಷ ಬಿಡುತ್ತಾರೆ. ಪೂರ್ತಿ ಒರೆಸಿ ಮುಖ ಒಣಗಿದ ಮೇಲೆಯೇ ಲೇಸರ್. ಕ್ರೀಮಿನ ಪದರ ಉಳಿದರೆ ಕಿರಣ ಅದರಲ್ಲೇ ಸೋರಿಹೋಗುತ್ತದೆ. ಸ್ಪಿರಿಟ್ಟಿನಿಂದ ಒರೆಸಿದ್ದರೆ ಅದು ಪೂರ್ತಿ ಆರಿರಬೇಕು, ಇಲ್ಲವಾದರೆ ಬೆಂಕಿ ಹತ್ತುವ ಅಪಾಯ ನಿಜವಾದದ್ದು. ರೆಪ್ಪೆಯ ಮೇಲೆ ಹೊಡೆಯುವುದಾದರೆ ಹೊರಗಿನ ಕನ್ನಡಕ ಸಾಲದು, ರೆಪ್ಪೆಯೊಳಗೆ ಲೋಹದ ಕವಚ ಇಡಬೇಕು. ಹೊಗೆ ಎಳೆಯುವ ಕೊಳವೆ ಇಲ್ಲದ ಕೋಣೆಯಲ್ಲಿ ಈ ಕೆಲಸ ನಡೆಯಬಾರದು. ಉರಿ ಆಮೇಲೆ ಒಂದರಿಂದ ಮೂರು ತಾಸು ಇರುತ್ತದೆ, ತಣ್ಣನೆಯ ಒದ್ದೆ ಬಟ್ಟೆ ಸಾಕಾಗುತ್ತದೆ.

ಮನೆಗೆ ಬಂದ ಮೇಲಿನ ಮೊದಲ ವಾರಕ್ಕೆ ಯಾರೂ ಸಾಕಷ್ಟು ಸಿದ್ಧರಾಗಿರುವುದಿಲ್ಲ. ಮೊದಲ ದಿನ ನೀರು ಜಿನುಗುತ್ತದೆ. ಊತ ಹೆಚ್ಚು ಕಾಣುವುದು ಎರಡನೆಯ, ಮೂರನೆಯ ಬೆಳಿಗ್ಗೆ. ತಲೆ ಎತ್ತರಿಸಿ ಮಲಗಿದರೆ ಅಷ್ಟಿಷ್ಟು ತಗ್ಗುತ್ತದೆ. ದಿನಕ್ಕೆ ಮೂರು ನಾಲ್ಕು ಸಲ ಸಲೈನಿನಲ್ಲಿ ಅದ್ದಿದ ಹತ್ತಿಬಟ್ಟೆಯನ್ನು ಹತ್ತು ನಿಮಿಷ ಇಟ್ಟು, ಒತ್ತಿ ಒಣಗಿಸಿ, ಪೆಟ್ರೋಲಿಯಂ ಜೆಲ್ಲಿಯನ್ನು ತೆಳ್ಳಗೆ ಹಚ್ಚಬೇಕು. ಗಾಯ ಒಣಗಿ ಬಿರಿದರೆ ಮಾಯುವುದು ನಿಧಾನ. ವಾಸನೆ ಇರುವ ಕ್ರೀಮು, ಅರಿಶಿನ, ಲೋಳೆಸರ ಇವೆಲ್ಲ ಈ ವಾರ ದೂರ ಇರಲಿ. ನಿಯೋಮೈಸಿನ್ ಎಂಬ ಆ್ಯಂಟಿಬಯಾಟಿಕ್ ಇರುವ ಮುಲಾಮಿಗೂ ಹಸಿ ಚರ್ಮ ಅಲರ್ಜಿಯಿಂದ ಕೆಂಪೇಳಬಹುದು. ಮೂರು ನಾಲ್ಕನೆಯ ದಿನ ಮುಖ ಕಂದು ಚುಕ್ಕಿಗಳಿಂದ ತುಂಬಿ ಉಪ್ಪುಕಾಗದದಂತೆ ಒರಟಾಗುತ್ತದೆ. ಐದರಿಂದ ಏಳು ದಿನದೊಳಗೆ ಅದು ತಾನಾಗಿ ಉದುರಬೇಕು. ಉಗುರಿನಿಂದ ಕಿತ್ತ ಜಾಗದಲ್ಲಿ ಮುಂದೆ ಕಪ್ಪು ಕಲೆ ಕೂರುತ್ತದೆ, ಕೆಲವೊಮ್ಮೆ ಹೊಸ ಗುಳಿಯೇ ಬೀಳುತ್ತದೆ.

ನೋವು ದಿನೇ ದಿನೇ ಇಳಿಯಬೇಕು. ಮೂರನೆಯ ದಿನದಿಂದ ಏರುತ್ತಾ ಹೋದರೆ, ಹಳದಿ ಕೀವು ಕಂಡರೆ, ಒಂದೇ ಅಳತೆಯ ಸಣ್ಣ ಹುಣ್ಣುಗಳು ಗುಂಪಾಗಿ ಎದ್ದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು, ಮರುಭೇಟಿಯ ದಿನದವರೆಗೆ ಕಾಯಬಾರದು. ವಿಪರೀತ ತುರಿಕೆಯ ಜತೆ ಕೆಂಪು ಕಡಿಮೆಯಾಗದಿದ್ದರೆ ಶಿಲೀಂಧ್ರದ ಸೋಂಕೂ ಇರಬಹುದು. ಜೆಲ್ಲಿಯ ಕೆಳಗೆ ಅಕ್ಕಿನುಚ್ಚಿನಷ್ಟು ಬಿಳಿ ಗುಳ್ಳೆಗಳು ಏಳುವುದು ಮಾತ್ರ ನಿರುಪದ್ರವಿ, ಜಿಡ್ಡು ನಿಲ್ಲಿಸಿದ ಮೇಲೆ ಹೋಗುತ್ತವೆ.

ಚರ್ಮ ಮುಚ್ಚಿದ ದಿನದಿಂದ ಸನ್‌ಸ್ಕ್ರೀನ್. ಎಸ್‌ಪಿಎಫ್ 50, ಜಿಂಕ್ ಆಕ್ಸೈಡ್ ಇರುವುದು, ಸಾಧ್ಯವಾದರೆ ಮಣ್ಣಿನ ಬಣ್ಣ ಕೊಡುವ ಐರನ್ ಆಕ್ಸೈಡ್ ಸೇರಿದ್ದು, ಏಕೆಂದರೆ ಕಂದು ಚರ್ಮವನ್ನು ಕಣ್ಣಿಗೆ ಕಾಣುವ ಬೆಳಕೂ ಕಪ್ಪು ಮಾಡಬಲ್ಲದು ಮತ್ತು ಅದನ್ನು ತಡೆಯುವುದು ಈ ಬಣ್ಣವೇ. ತೋರುಬೆರಳು, ನಡುಬೆರಳಿನ ಉದ್ದಕ್ಕೆ ಹಿಂಡಿದಷ್ಟು ಒಂದು ಸಲಕ್ಕೆ ಬೇಕು, ಹೊರಗಿದ್ದರೆ ಎರಡು ತಾಸಿಗೊಮ್ಮೆ ಮತ್ತೆ. ಕಪ್ಪು ಬೀಳುವುದಾದರೆ ಸಾಮಾನ್ಯವಾಗಿ ಎರಡನೆಯ ವಾರದಿಂದ ಆರನೆಯ ವಾರದೊಳಗೆ ಕಾಣುತ್ತದೆ. ಹೆಚ್ಚಿನವು ಕೆಲವು ತಿಂಗಳಲ್ಲಿ ಮಾಸುತ್ತವೆ, ವೈದ್ಯರು ಕೊಡುವ ಕ್ರೀಮಿನಿಂದ ಇನ್ನೂ ಬೇಗ. ರೆಟಿನಾಲ್, ಹಣ್ಣಿನ ಆಮ್ಲಗಳು, ಸ್ಕ್ರಬ್ ಇವನ್ನು ಎರಡರಿಂದ ನಾಲ್ಕು ವಾರ ಮುಟ್ಟಬಾರದು.

ಫಲಿತಾಂಶ ಅಳೆಯುವಾಗ ಬಹಳ ಜನ ಮೋಸ ಹೋಗುತ್ತಾರೆ. ಎರಡನೆಯ ವಾರ ಮುಖ ನಯವಾಗಿ ಕಾಣುವುದು ಊತದಿಂದ. ಅದು ಇಳಿದಾಗ ಗುಳಿಗಳು ಮರಳಿದಂತೆ ಅನಿಸಿ ನಿರಾಸೆಯಾಗುತ್ತದೆ. ನಿಜವಾದ ಬದಲಾವಣೆ ಮೂರರಿಂದ ಆರು ತಿಂಗಳಿಗೆ. ಮೊದಲೇ ಪಕ್ಕದ ಬೆಳಕಿನಲ್ಲಿ ಚಿತ್ರ ತೆಗೆದಿಟ್ಟುಕೊಂಡು, ಅದೇ ಜಾಗ, ಅದೇ ಬೆಳಕಿನಲ್ಲಿ ಮತ್ತೆ ತೆಗೆದು ಹೋಲಿಸಬೇಕು. ಮೂರು ನಾಲ್ಕು ಸಲ ಮಾಡಿಸಿದ ಮೇಲೆ ಗುಳಿಗಳು ಅರ್ಧದಷ್ಟು ತುಂಬಿದ್ದರೆ ಅದು ಒಳ್ಳೆಯ ಫಲಿತಾಂಶ. ಗುಳಿಯೇ ಉಳಿಯುವುದಿಲ್ಲ ಎಂದು ಯಾರಾದರೂ ಮಾತು ಕೊಟ್ಟರೆ ಎದ್ದು ಬರಬಹುದು.

ಸುಕ್ಕಿನ ವಿಷಯ ಚಿಕ್ಕದು. ನಕ್ಕಾಗ, ಹುಬ್ಬು ಗಂಟಿಕ್ಕಿದಾಗ ಮಾತ್ರ ಮೂಡುವ ಗೆರೆ ಸ್ನಾಯುವಿನದು, ಅದಕ್ಕೆ ಸ್ನಾಯುವನ್ನು ಸಡಿಲಿಸುವ ಬೊಟುಲಿನಮ್ ಚುಚ್ಚುಮದ್ದು. ಜೋತುಬಿದ್ದ ಕೆನ್ನೆಯನ್ನು ಲೇಸರ್ ಎತ್ತುವುದಿಲ್ಲ. ಕೆಳರೆಪ್ಪೆಯನ್ನು ಕೆಳಕ್ಕೆ ಎಳೆದು ಬಿಟ್ಟಾಗ ತಟ್ಟನೆ ಹಿಂದಿರುಗದಿದ್ದರೆ ಅಲ್ಲಿ ಬಲವಾಗಿ ಹೊಡೆಯಬಾರದು, ಚರ್ಮ ಕುಗ್ಗಿ ರೆಪ್ಪೆ ಹೊರಕ್ಕೆ ಮಗುಚಿಕೊಳ್ಳುತ್ತದೆ. ಕುತ್ತಿಗೆಗೆ ಮುಖದ ಅಂಕಿಗಳನ್ನೇ ಇಡುವುದು ದೊಡ್ಡ ತಪ್ಪು. ಗಾಯ ಮಾಯಲು ಜೀವಕೋಶ ಒದಗಿಸುವ ಕೂದಲ ಬುಡ, ಎಣ್ಣೆಗ್ರಂಥಿಗಳು ಅಲ್ಲಿ ವಿರಳ, ಹಾಗಾಗಿ ಉಬ್ಬಿದ ಗಾಯದ ಗುರುತು ಉಳಿಯುವ ಸಂಭವ ಅಲ್ಲೇ ಹೆಚ್ಚು.

ಕಪ್ಪು ಬೀಳುವ ಅಂಜಿಕೆ ಜಾಸ್ತಿ ಇರುವವರು ಮೈಕ್ರೋನೀಡ್ಲಿಂಗ್ ರೇಡಿಯೋಫ್ರೀಕ್ವೆನ್ಸಿ, ಅಂದರೆ ಸಣ್ಣ ಸೂಜಿಗಳ ಮೂಲಕ ಚರ್ಮದೊಳಗೆ ವಿದ್ಯುತ್ತಿನ ಬಿಸಿ ಕೊಡುವ ವಿಧಾನದ ಬಗ್ಗೆ ಕೇಳಬೇಕು. ಬುಡಕ್ಕೆ ನಿರೋಧಕ ಲೇಪ ಇರುವ ಸೂಜಿಗಳಾದರೆ ಬಿಸಿ ಒಳಚರ್ಮದಲ್ಲೇ ಬಿಡುಗಡೆಯಾಗಿ ಮೇಲ್ಪದರ ಬಹುಮಟ್ಟಿಗೆ ಉಳಿಯುತ್ತದೆ. ಹರಳಿನಿಂದ ಉಜ್ಜುವ ಮೈಕ್ರೋಡರ್ಮಬ್ರೇಶನ್ ಗುಳಿಯ ಆಳಕ್ಕೆ ಇಳಿಯುವುದೇ ಇಲ್ಲ.

ಪ್ರತಿ ಸಲದ ಶಕ್ತಿ, ಸಾಂದ್ರತೆ, ಸುತ್ತುಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ಮುಂದಿನ ಸಲಕ್ಕೆ ಕನಿಷ್ಠ ಆರರಿಂದ ಎಂಟು ವಾರ ಬಿಡಬೇಕು. ಈ ನಡುವೆ ಕಪ್ಪು ಬಿದ್ದಿದ್ದರೆ ಅದು ಪೂರ್ತಿ ಮಾಸುವವರೆಗೆ ಮುಂದೂಡಿ, ಆಮೇಲೆ ಆ ಚೀಟಿ ತೋರಿಸಿ ಮೊದಲು ಸಾಂದ್ರತೆಯನ್ನೇ ಇಳಿಸಲು ಹೇಳಬೇಕು.