ಒಂದು ಕಣ್ಣಿನ ಲೆನ್ಸ್ ಮಂಜಾಯಿತು, ಇನ್ನೊಂದು ಚೆನ್ನಾಗಿದೆ: ಎರಡನ್ನೂ ಬಳಸಿದವನ ಅನುಭವ

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವುದು ನನ್ನ ಕಸುಬು. ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ, ಎಡಗಣ್ಣಿಗೆ ಮೊದಲು. ಎರಡಕ್ಕೂ ಹಾಕಿದ್ದು ಮಡಚುವ ಅಕ್ರಿಲಿಕ್ ಲೆನ್ಸ್. ಎಡಗಣ್ಣಿನದು ನೀರಿನಂಶ ಇರುವ ಹೈಡ್ರೋಫಿಲಿಕ್ ಜಾತಿ, ಬಲಗಣ್ಣಿನದು ನೀರು ಹೀರದ ಹೈಡ್ರೋಫೋಬಿಕ್. ಎರಡನೆಯದಕ್ಕೆ ದುಡ್ಡು ಜಾಸ್ತಿ. ಯಾಕೆ ಜಾಸ್ತಿ ಅಂತ ಮೊದಲ ಆಸ್ಪತ್ರೆಯಲ್ಲಿ ಯಾರೂ ಬಿಡಿಸಿ ಹೇಳಲಿಲ್ಲ.

ಕೆಲವು ವರ್ಷ ಎರಡೂ ಚೆನ್ನಾಗಿದ್ದವು. ಆಮೇಲೆ ಎಡಗಣ್ಣಿನ ತಕರಾರು ಶುರುವಾಯಿತು. ಬೇಯಿಸಿದ ಬಿಳಿ ಗೂಡು ಬಿಸಿನೀರಲ್ಲಿ ತೇಲುತ್ತಿರುತ್ತದೆ, ಮೇಲೆ ಹಬೆ. ಅದರಲ್ಲಿ ಎಳೆ ಹುಡುಕಿ, ಏಳೆಂಟು ಗೂಡಿನ ಎಳೆ ಸೇರಿಸಿ ಒಂದು ನೂಲು ಮಾಡಬೇಕು. ಬಲಗಣ್ಣು ಮುಚ್ಚಿದರೆ ಎಳೆ ಕಾಣದು, ಬರೀ ಬಿಳಿ. ರಾತ್ರಿ ವಿಜಯಪುರದ ರಸ್ತೆಯಲ್ಲಿ ಎದುರು ಲಾರಿ ಬಂದರೆ ಲೈಟು ಕಣ್ಣ ತುಂಬ ಹರಡಿಕೊಳ್ಳುತ್ತಿತ್ತು. ತಮಾಷೆ ಅಂದರೆ, ಕನ್ನಡಕದ ಅಂಗಡಿಯಲ್ಲಿ ಗೋಡೆ ಮೇಲಿನ ಅಕ್ಷರ ಸುಮಾರಾಗಿ ಓದುತ್ತಿದ್ದೆ. 'ನಂಬರ್ ಸರಿಯಿದೆಯಲ್ಲ' ಅಂತ ಕಳಿಸಿಬಿಟ್ಟರು.

ಆಪರೇಷನ್ ಆದ ಆಸ್ಪತ್ರೆಯಲ್ಲಿ, 'ಮತ್ತೆ ಪೊರೆ ಬಂದಿದೆ, ಲೇಸರ್ ಹೊಡೆಸಿ' ಅಂದರು. ಹಾಗೆ ಅಂದುಕೊಳ್ಳುವುದು ವಿಚಿತ್ರವೂ ಅಲ್ಲ, ಆಪರೇಷನ್ ಆಗಿ ವರ್ಷಗಳ ಮೇಲೆ ಕಣ್ಣು ಮಸುಕಾದರೆ ಸಾಮಾನ್ಯವಾಗಿ ಕಾರಣ ಅದೇ. ಲೆನ್ಸ್ ಕೂರಿಸಿರುವ ಚೀಲದ ಹಿಂಬದಿ ಪದರ ದಪ್ಪಗಾಗಿ ಮಸುಕಾಗುತ್ತದೆ. ಯಾಗ್ ಲೇಸರ್‌ನಿಂದ ಆ ಪದರದ ನಡುವೆ ಒಂದು ಕಿಂಡಿ ತೆಗೆಯುತ್ತಾರೆ. ನನ್ನ ಬಲಗಣ್ಣಿಗೆ ಮಾಡಿಸಿದ್ದು ಅದೇ. ಕೊಯ್ಯುವುದಿಲ್ಲ, ಐದೇ ನಿಮಿಷದ ಕೆಲಸ. ಒಂದಷ್ಟು ದಿನ ಕಪ್ಪು ಚುಕ್ಕಿ ತೇಲಾಡಿದವು, ಆಮೇಲೆ ಕಣ್ಣು ತಿಳಿಯಾಯಿತು. ಮಿಂಚು ಹೊಡೆದ ಹಾಗಾದರೆ, ಪರದೆ ಇಳಿದ ಹಾಗಾದರೆ ತಕ್ಷಣ ಬನ್ನಿ ಅಂತ ಎಚ್ಚರಿಕೆ ಹೇಳಿ ಕಳಿಸಿದ್ದರು.

ಎಡಗಣ್ಣಿನ ವಿಷಯ ಬೇರೆ. ಬೆಂಗಳೂರಿನಲ್ಲಿ ಇನ್ನೊಬ್ಬ ಡಾಕ್ಟರು ಪಾಪೆ ಹಿಗ್ಗಿಸೋ ಡ್ರಾಪ್ಸ್ ಹಾಕಿ, ಯಂತ್ರದಲ್ಲಿ ನಿಧಾನವಾಗಿ ನೋಡಿದರು. 'ಯಜಮಾನ್ರೇ, ಹಿಂದಿನ ಪದರ ಚೆನ್ನಾಗೇ ಇದೆ. ಲೆನ್ಸೇ ಮಂಜಾಗಿದೆ, ಲೇಸರ್ ಬೇಡ' ಅಂದರು. ಹೈಡ್ರೋಫಿಲಿಕ್ ಲೆನ್ಸ್‌ನಲ್ಲಿ ಅಪರೂಪಕ್ಕೆ ಕ್ಯಾಲ್ಸಿಯಂ ಉಪ್ಪು ಕೂರುತ್ತದಂತೆ. ಸಕ್ಕರೆ ಕಾಯಿಲೆ ಇರುವವರಲ್ಲಿ, ಕಣ್ಣೊಳಗೆ ಗಾಳಿ ಇಲ್ಲವೇ ಗ್ಯಾಸ್ ತುಂಬುವ ಆಪರೇಷನ್ ಆದವರಲ್ಲಿ ಹೆಚ್ಚು. ನನಗೆ ಸಕ್ಕರೆ ಇದೆ. ಇದಕ್ಕೆ ಲೇಸರ್ ಹೊಡೆದರೆ ಮಂಜು ಹೋಗುವುದಿಲ್ಲ. ಮೇಲಾಗಿ ಹಿಂದಿನ ಪದರ ತೂತಾಗಿ, ಲೆನ್ಸ್ ಬದಲಿಸುವುದು ಇನ್ನೂ ಕಷ್ಟವಾಗುತ್ತದೆ. ಹಾಗಾಗಿ ಯಾರಾದರೂ ಲೇಸರ್ ಅಂದರೆ 'ಮಸುಕಾಗಿರೋದು ಪದರವೋ, ಲೆನ್ಸೋ?' ಅಂತ ಕೇಳಿಯೇ ಕೇಳಿ.

ಕೊನೆಗೆ ಲೆನ್ಸ್ ಬದಲಿಸಿದರು. ಹಳೆಯದು ಚೀಲಕ್ಕೆ ಅಂಟಿಕೊಂಡಿರುತ್ತದೆ, ಬಿಡಿಸಿ, ಕತ್ತರಿಸಿ ತೆಗೆಯಬೇಕು. ಮೊದಲ ಸಲದಷ್ಟು ಸಲೀಸಲ್ಲ. ಉರಿ ಜಾಸ್ತಿ ದಿನ ಇತ್ತು, ಡ್ರಾಪ್ಸ್ ಕೂಡ. ಖರ್ಚು ಪೂರ್ತಿ ನನ್ನದೇ. ಮಿಕ್ಸಿಗೂ ವಾರಂಟಿ ಕಾರ್ಡ್ ಇರುತ್ತದೆ, ಇದಕ್ಕಿಲ್ಲ ಅಲ್ವಾ ಅಂದರೆ ಮೊದಲ ಆಸ್ಪತ್ರೆಯವರು ನಕ್ಕರು. ನನಗೆ ನಗು ಬರಲಿಲ್ಲ.

ಬೆಲೆ ನೋಡಿ ಒಳ್ಳೆಯದು ಕೆಟ್ಟದ್ದು ಅನ್ನಲೂ ಆಗದು. ನಮ್ಮಕ್ಕನಿಗೆ ಕ್ಯಾಂಪಿನಲ್ಲಿ ಹಾಕಿದ್ದು ಮಡಚದ, ಗಟ್ಟಿ ಪ್ಲಾಸ್ಟಿಕ್ ಲೆನ್ಸ್. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಮೊದಲ ಸಲ ಕಣ್ಣಿಗೆ ಕೂರಿಸಿದ್ದೂ ಇದೇ ಬಗೆಯ ಪ್ಲಾಸ್ಟಿಕ್. ಅಕ್ಕ ಇವತ್ತಿಗೂ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾಳೆ.

ಲೆನ್ಸಿನ ಹೆಸರು, ಪವರ್, ಸೀರಿಯಲ್ ನಂಬರ್ ಇರುವ ಸ್ಟಿಕ್ಕರ್ ಕಾರ್ಡ್ ಕೇಳಿ ಪಡೆಯಿರಿ, ಮೊಬೈಲ್‌ನಲ್ಲಿ ಫೋಟೋ ಇಟ್ಟುಕೊಳ್ಳಿ. ಬದಲಿಸುವಾಗ ಡಾಕ್ಟರು ಮೊದಲು ಕೇಳಿದ್ದು ಅದನ್ನೇ.

ಬಲಗಣ್ಣಿನ ಲೆನ್ಸಿಗೆ ಐದಕ್ಕೆ ನಾಲ್ಕೂವರೆ. ಎಡಗಣ್ಣಿನ ಹಳೆಯದಕ್ಕೆ ಒಂದು. ಹೊಸದಕ್ಕೆ ಈಗಲೇ ಅಂಕ ಕೊಡಲ್ಲ, ಐದಾರು ವರ್ಷ ಕಳೆಯಲಿ.