ಶಾರ್ತ್ರ್ ಕೆಥೆಡ್ರಲ್: ಆಡಿಯೋ ಗೈಡಿಗಿಂತ ದುರ್ಬೀನು ಮೇಲು

ಪ್ಯಾರಿಸ್‌ನಿಂದ ನೈಋತ್ಯಕ್ಕೆ ಸುಮಾರು 80 ಕಿಲೋಮೀಟರ್ ದೂರದಲ್ಲಿರುವ ಶಾರ್ತ್ರ್ ಕೆಥೆಡ್ರಲ್ಲನ್ನು ಖಾಸಗಿ ಸಂಸ್ಥೆಯೊಂದರ ಆಡಿಯೋ ಗೈಡ್ ಕಿವಿಗೆ ಹಾಕಿಕೊಂಡು ಸುತ್ತಿದ್ದೇನೆ. ಇತಿಹಾಸ ಹೇಳುವುದರಲ್ಲಿ ಅದು ಅಚ್ಚುಕಟ್ಟು. ಕಲೆಯ ಮುಂದೆ ನಿಲ್ಲಿಸುವುದರಲ್ಲಿ ಮಾತ್ರ ಅದಕ್ಕೆ ವಿಪರೀತ ಅವಸರ.

1194ರ ಬೆಂಕಿಯಲ್ಲಿ ಹಳೆಯ ಕಟ್ಟಡದ ಬಹುಭಾಗ ನಾಶವಾದರೂ ಪಶ್ಚಿಮದ ಮುಖಭಾಗ ಮತ್ತು ನೆಲಮಾಳಿಗೆ ಉಳಿದುಕೊಂಡದ್ದು, ಮೇರಿ ಮಾತೆಯದೆಂದು ಭಕ್ತರು ನಂಬಿದ್ದ ವಸ್ತ್ರ ಸುರಕ್ಷಿತವಾಗಿ ಸಿಕ್ಕಿ ಪುನರ್ನಿರ್ಮಾಣಕ್ಕೆ ಹುರುಪು ತುಂಬಿದ್ದು, 1260ರಲ್ಲಿ ಹೊಸ ಕಟ್ಟಡದ ಪ್ರತಿಷ್ಠೆ ನಡೆದದ್ದು, ಇವೆಲ್ಲ ಗೊಂದಲವಿಲ್ಲದೆ ತಿಳಿಯುತ್ತವೆ. ಎರಡು ಶಿಖರಗಳು ಏಕೆ ಜೋಡಿಯಾಗಿ ಕಾಣುವುದಿಲ್ಲ ಎಂಬುದಕ್ಕೂ ಉತ್ತರವಿದೆ: ದಕ್ಷಿಣದ ಸರಳ ಶಿಖರ 12ನೇ ಶತಮಾನದ್ದು, ಉತ್ತರದ ಕುಸುರಿ ಶಿಖರ 16ನೇ ಶತಮಾನದ ಆರಂಭದಲ್ಲಿ ಜೆಹಾನ್ ದ ಬೋಸ್ ಕಟ್ಟಿದ್ದು.

ಪಶ್ಚಿಮ ಮುಖಭಾಗದ ರಾಜದ್ವಾರದಲ್ಲೇ ಅವಸರ ಶುರುವಾಗುತ್ತದೆ. ಕಂಬಗಳಷ್ಟೇ ನೀಳವಾದ ರಾಜ ರಾಣಿಯರ ವಿಗ್ರಹಗಳನ್ನು ಗೈಡ್ ಬಣ್ಣಿಸುತ್ತದೆ, ಆದರೆ ಬಲಬದಿಯ ಬಾಗಿಲಿನ ಕಮಾನಿನಲ್ಲಿ ಗಂಟೆ ಬಾರಿಸುತ್ತಿರುವ ಸಂಗೀತದೇವಿಯನ್ನೂ ಅವಳ ಕೆಳಗೆ ಬೆನ್ನು ಬಗ್ಗಿಸಿ ಕೆಲಸದಲ್ಲಿ ಮುಳುಗಿರುವ ಪೈಥಾಗೊರಸ್‌ನನ್ನೂ ದಾಟಿಸಿಬಿಡುತ್ತದೆ.

ಒಳಗಿನ ನಷ್ಟ ಇನ್ನೂ ದೊಡ್ಡದು. ಬೆಂಕಿಯಿಂದ ಪಾರಾದ 12ನೇ ಶತಮಾನದ ಬಣ್ಣದ ಗಾಜಿನ ಕಿಟಕಿಯಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡಿರುವ ನೀಲಿ ಮೇರಿಯ ಬಗ್ಗೆ ಎರಡು ಮಾತಾಡಿ ಅದು ಮುಂದಿನ ಸಂಖ್ಯೆ ಒತ್ತಲು ಹೇಳುತ್ತದೆ. ಆ ತಿಳಿನೀಲಿಯ ಸುತ್ತ 13ನೇ ಶತಮಾನದಲ್ಲಿ ಜೋಡಿಸಿದ ದೇವದೂತರ ಫಲಕಗಳ ನೀಲಿ ಬೇರೆಯೇ ಆಗಿದೆ. ಹೋಲಿಸಿ ನೋಡಲು ನಿಮಿಷವಾದರೂ ಬೇಡವೇ? ಬೈಬಲಿನ ದಯಾಳು ಸಮಾರ್ಯನ ಕಥೆ ಹೇಳುವ, ಚಮ್ಮಾರರು ಕಾಣಿಕೆ ಕೊಟ್ಟ ಕಿಟಕಿಯನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು, ಅಡಿಯಲ್ಲಿ ಚಮ್ಮಾರರೇ ತಮ್ಮ ಕೆಲಸದಲ್ಲಿ ಕುಳಿತಿದ್ದಾರೆ. ಇದನ್ನು ಹೇಳದಿದ್ದರೆ ಕೇಳುಗನಿಗೆ ಕಾಣುವುದು ಬರೀ ಬಣ್ಣದ ಚೂರುಗಳು. ದಕ್ಷಿಣದ ಗುಲಾಬಿ ಹೂವಿನಂಥ ದುಂಡು ಕಿಟಕಿಯ ಕೆಳಗೆ, ಯೇಸುವಿನ ಕಥೆ ಬರೆದ ನಾಲ್ವರು ಸುವಾರ್ತಾಕಾರರು ಹಳೆಯ ಪ್ರವಾದಿಗಳ ಹೆಗಲೇರಿ ಕುಳಿತಿರುವುದನ್ನು ಮಾತ್ರ ಗೈಡ್ ಚೆನ್ನಾಗಿ ವಿವರಿಸಿದೆ. ಯೆಶಾಯನ ಮೇಲೆ ಮತ್ತಾಯ, ಯೆರೆಮೀಯನ ಮೇಲೆ ಲೂಕ: ಬೈಬಲಿನ ಹೊಸ ಒಡಂಬಡಿಕೆ ಹಳೆಯದರ ಆಸರೆಯಲ್ಲಿ ನಿಂತಿದೆ ಎಂಬ ತತ್ತ್ವವನ್ನು ಇಷ್ಟು ನೇರವಾಗಿ, ತುಸು ತಮಾಷೆಯಾಗಿಯೂ, ಚಿತ್ರಿಸಿದ್ದು ನನಗೆ ಬಹಳ ಹಿಡಿಸಿತು.

2009ರಲ್ಲಿ ಆರಂಭವಾದ ಒಳಾಂಗಣದ ಶುದ್ಧೀಕರಣದ ಬಗ್ಗೆ ಗೈಡ್ ಹೊಗಳಿಕೆಯನ್ನಷ್ಟೇ ಉಸುರುತ್ತದೆ. ಶತಮಾನಗಳ ಮಸಿ ತೆಗೆದು ಗೋಡೆಗಳಿಗೆ ತಿಳಿ ಬಣ್ಣ ಕೊಟ್ಟದ್ದನ್ನೂ, ಕಪ್ಪಾಗಿದ್ದ ‘ಸ್ತಂಭದ ಮಾತೆ’ ಎಂಬ ಮೇರಿಯ ವಿಗ್ರಹವನ್ನು ಬಿಳಿಚಿಸಿದ್ದನ್ನೂ ಕುರಿತು ಕಲಾವಲಯದಲ್ಲಿ ತೀವ್ರ ಜಗಳವೇ ಆಗಿದೆ. ಕಮಾನುಗಳ ರಚನೆ ಈಗ ಸ್ಪಷ್ಟವಾಗಿ ಕಾಣುತ್ತದೆಂಬುದು ನಿಜ, ಆದರೆ ಕತ್ತಲ ಹಿನ್ನೆಲೆ ಹೋದದ್ದರಿಂದ ಗಾಜಿನ ಹೊಳಪು ಕುಂದಿತೆಂಬ ಆಕ್ಷೇಪವನ್ನು ನಾನೂ ಒಪ್ಪುತ್ತೇನೆ. ಹಣ ಕೊಟ್ಟು ಕೇಳುವವರಿಗೆ ಎರಡೂ ವಾದಗಳನ್ನು ಮುಂದಿಡುವ ಧೈರ್ಯ ಗೈಡಿಗೆ ಇರಬೇಕಿತ್ತು.

ಮೊದಲ ಸಲ ಹೋಗುವವರು ಇತಿಹಾಸದ ಭಾಗಕ್ಕಾಗಿ ಇದನ್ನು ತೆಗೆದುಕೊಳ್ಳಬಹುದು. ಕಿಟಕಿಗಳಿಗೆ ಒಳ್ಳೆಯ ದುರ್ಬೀನು ಮತ್ತು ಬಿಸಿಲಿರುವ ದಿನ ಸಾಕು. ನೆಲದ ಮೇಲಿನ ಪ್ರಸಿದ್ಧ ಚಕ್ರವ್ಯೂಹ ಬಹುತೇಕ ದಿನ ಕುರ್ಚಿಗಳ ಕೆಳಗೆ ಮುಚ್ಚಿರುತ್ತದೆ. ಅದರಲ್ಲಿ ನಡೆಯಬೇಕೆಂದಿರುವವರು ಅದನ್ನು ತೆರೆದಿಡುವ ದಿನಗಳನ್ನು ವಿಚಾರಿಸಿಕೊಂಡೇ ಹೊರಡಿ.