ಮ್ಯೂಸಿಕ್ ಆ್ಯಪ್‌ನಲ್ಲಿ ಜಾಝ್: ಎರಡು ವರ್ಷ ದುಡ್ಡು ಕಟ್ಟಿ ಕೇಳಿದ ಮೇಲೆ

ಆ್ಯಪ್‌ನ ಹೆಸರು ಬೇಡ. ಬೈಯುವುದೂ ಇದೆ, ಹೊಗಳುವುದೂ ಇದೆ. ದುಡ್ಡು ಕೊಟ್ಟು ಕೇಳುವ ಇಂಥ ಆ್ಯಪ್‌ಗಳ ಸ್ವಭಾವ ಹೆಚ್ಚು ಕಡಿಮೆ ಒಂದೇ. ನಾನು ಇದರಲ್ಲಿ ಕೇಳುವುದು ಮುಕ್ಕಾಲು ಪಾಲು ಜಾಝ್, ಅಮೆರಿಕದಲ್ಲಿ ಹುಟ್ಟಿದ ಆ ಸಂಗೀತ. ಉಳಿದಿದ್ದು ಮನೆಯವರ ಭಾವಗೀತೆ, ಮಗಳ ಸಿನಿಮಾ ಹಾಡು. ಸಿನಿಮಾ ಹಾಡಿಗೆ ಯಾವ ಆ್ಯಪ್ ಆದರೂ ನಡೆಯುತ್ತದೆ ಬಿಡಿ. ಜಾಝ್‌ಗೆ ಹಾಗಲ್ಲ.

ಮೊದಲು ಒಳ್ಳೆಯದನ್ನು ಹೇಳುತ್ತೇನೆ. ಆಗೆಲ್ಲ ದಾವಣಗೆರೆಯಲ್ಲಿದ್ದುಕೊಂಡು ಒಂದು ಜಾಝ್ ಸಿಡಿ ಬೇಕಂದರೆ ಬೆಂಗಳೂರಿಗೆ ಹೋಗುವವರ ಕೈಗೆ ಚೀಟಿ ಕೊಟ್ಟು ಕಳಿಸಬೇಕಿತ್ತು. ಅವರು ತರುತ್ತಿದ್ದದ್ದು ಯಾವುದೋ 'ಬೆಸ್ಟ್ ಆಫ್'. ಈಗ ಕೂತಲ್ಲೇ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್‌ನ ಆಲ್ಬಮ್‌ಗಳ ಪೂರ್ತಿ ಸಾಲು ಸಿಗುತ್ತದೆ, ತಿಂಗಳಿಗೆ ನೂರು ಚಿಲ್ಲರೆ ರೂಪಾಯಿಗೆ. ಇದರಲ್ಲಿ ತಕರಾರು ಏನೂ ಇಲ್ಲ.

ತಕರಾರು ಶುರುವಾಗುವುದು ಆಲ್ಬಮ್ ಮುಗಿದ ಮೇಲೆ. ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್‌ನ 'ಎ ಲವ್ ಸುಪ್ರೀಮ್' ಮುಗಿಯುತ್ತದೆ. ನಾಲ್ಕೇ ಭಾಗ, ಅರ್ಧ ಗಂಟೆ ಚಿಲ್ಲರೆ. ಕೊನೆಯ ಭಾಗ ಮುಗಿದಾಗ ಒಂದು ನಿಮಿಷ ಸುಮ್ಮನೆ ಕೂರಬೇಕು ಅನ್ನಿಸುತ್ತದೆ. ಆ್ಯಪ್ ಕೂರಲು ಬಿಡುವುದಿಲ್ಲ. ತಕ್ಷಣ ಯಾರದೋ 'ಕೆಫೆ ಜಾಝ್', 'ಮಳೆಗಾಲದ ಜಾಝ್' ಶುರು. ಬೆಣ್ಣೆ ದೋಸೆ ತಿಂದು ಮುಗಿಸಿದವನ ತಟ್ಟೆಗೆ ಕೇಳದೇ ಬಿಸ್ಕತ್ತು ಹಾಕಿದ ಹಾಗೆ. ಸೆಟ್ಟಿಂಗ್ಸ್‌ಗೆ ಹೋಗಿ ಆಟೋಪ್ಲೇ ಆಫ್ ಮಾಡಿ. ಇದು ಮೊದಲ ಕೆಲಸ.

ಎರಡನೆಯದು ಕ್ರಾಸ್‌ಫೇಡ್. ಒಂದು ಹಾಡಿನ ಬಾಲಕ್ಕೆ ಇನ್ನೊಂದರ ತಲೆ ಸೇರಿಸುವ ಸೌಲಭ್ಯ. ಮದುವೆ ಮನೆಗೆ ಒಳ್ಳೆಯದು. ಆದರೆ ಇದೇ 'ಎ ಲವ್ ಸುಪ್ರೀಮ್'ನಲ್ಲಿ ಮೊದಲ ಭಾಗದ ಕೊನೆಗೆ ಎಲ್ಲರೂ ಒಬ್ಬೊಬ್ಬರಾಗಿ ನಿಲ್ಲಿಸುತ್ತಾರೆ, ಜಿಮ್ಮಿ ಗ್ಯಾರಿಸನ್‌ನ ಬೇಸ್ (ದಪ್ಪ ಸ್ವರದ ದೊಡ್ಡ ತಂತಿವಾದ್ಯ) ಒಂದೇ ಉಳಿಯುತ್ತದೆ. ಎರಡನೇ ಭಾಗ ಶುರುವಾಗುವುದೂ ಅದೇ ಬೇಸ್‌ನಿಂದ. ಕ್ರಾಸ್‌ಫೇಡ್ ಆನ್ ಇದ್ದರೆ ಎರಡು ಬೇಸ್ ಒಂದರ ಮೇಲೊಂದು ಬಿದ್ದು ಗಲಿಬಿಲಿ. ಸೊನ್ನೆಗೆ ತನ್ನಿ. ಗ್ಯಾಪ್‌ಲೆಸ್ (ನಡುವೆ ಖಾಲಿ ಬಿಡದೆ ಮುಂದಿನದನ್ನು ನುಡಿಸುವುದು) ಮಾತ್ರ ಆನ್ ಇರಲಿ, ಮೂರು ಮತ್ತು ನಾಲ್ಕನೇ ಭಾಗದ ನಡುವೆ ಅದು ಬೇಕೇ ಬೇಕು.

ಇನ್ನು ದೊಡ್ಡ ದೂರು. ಯಾರು ನುಡಿಸಿದ್ದಾರೆ ಅಂತ ಈ ಆ್ಯಪ್ ಹೇಳುವುದಿಲ್ಲ. ಮುಖ್ಯ ಕಲಾವಿದನ ಹೆಸರು ಹಾಕಿ ಕೈ ತೊಳೆದುಕೊಳ್ಳುತ್ತದೆ. 'ಟೇಕ್ ಫೈವ್' ಬಂದರೆ ಪಿಯಾನೊ ನುಡಿಸುವ ಡೇವ್ ಬ್ರೂಬೆಕ್ ಅನ್ನುತ್ತದೆ. ಅದನ್ನು ಬರೆದದ್ದು ಸ್ಯಾಕ್ಸೋಫೋನ್ ನುಡಿಸುವ ಪಾಲ್ ಡೆಸ್ಮಂಡ್. ಡ್ರಮ್ಸ್‌ನಲ್ಲಿ ಜೋ ಮೊರೆಲ್ಲೊ. ಪಾಲ್ ಚೇಂಬರ್ಸ್ ಅಂತ ಹುಡುಕಿ ನೋಡಿ. ಅವನದೇ ಹೆಸರಿನ ಆಲ್ಬಮ್‌ಗಳು ಮಾತ್ರ ಬರುತ್ತವೆ. ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ'ದಲ್ಲಿ ಬೇಸ್ ಹಿಡಿದವನು ಅವನೇ ಅನ್ನುವ ಸುಳಿವೇ ಇಲ್ಲ. ಜಾಝ್‌ನಲ್ಲಿ ಒಂದು ಆಲ್ಬಮ್‌ನಿಂದ ಇನ್ನೊಂದಕ್ಕೆ ಹೋಗುವ ದಾರಿಯೇ ಈ ಪಕ್ಕದ ಕಲಾವಿದರು, ಅಲ್ವಾ? ಹಳೇ ರೆಕಾರ್ಡ್‌ನ ಹಿಂಬದಿಯಲ್ಲಿ ಇದೆಲ್ಲ ಅಚ್ಚಾಗಿರುತ್ತಿತ್ತು.

ಹಾಗಾಗಿ ನಮಗೆ ದಾರಿ ತೋರಿಸುವುದು ಆ್ಯಪ್ ಅಲ್ಲ, ಭಾನುವಾರದ ಗುಂಪು. ಊರಲ್ಲಿ ನಾವು ಜಾಝ್ ಕೇಳುವವರು ಒಂದು ಟೇಬಲ್‌ಗೆ ಸಾಲುವಷ್ಟು ಜನ. ಕುಂದುವಾಡ ಕೆರೆ ಹತ್ತಿರ ವಾಕಿಂಗ್, ಆಮೇಲೆ ಹೋಟೆಲ್. ಬ್ಯಾಂಕಿನಿಂದ ರಿಟೈರ್ ಆದ ಒಬ್ಬ ಹಿರಿಯರು, ಮೃದಂಗ ಹೇಳಿಕೊಡುವ ಮೇಷ್ಟ್ರು ಒಬ್ಬರು, ಇಂಜಿನಿಯರಿಂಗ್ ಓದುವ ಹುಡುಗ, ನಾನು. ಕೂತ ತಕ್ಷಣ ಹಿರಿಯರದು ಒಂದೇ ಪ್ರಶ್ನೆ: "ಈ ವಾರ ಯಾವ ಆಲ್ಬಮ್ ನಡೀತಿದೆ ರೀ?"

ಮೇಷ್ಟ್ರು ಬಂದ ಮೇಲೆ ನಮ್ಮ ಕೇಳುವ ರೀತಿಯೇ ಬದಲಾಯಿತು. ಬ್ರೂಬೆಕ್ ತಂಡದ 1959ರ 'ಟೈಮ್ ಔಟ್' ಹಾಕಿ ಕೊಟ್ಟೆವು. ಅದರಲ್ಲಿರುವ, ಐದು ಎಣಿಕೆಯ ತಾಳದ 'ಟೇಕ್ ಫೈವ್'ಗೆ ಅವರು ಅಷ್ಟೇನೂ ಮರುಳಾಗಲಿಲ್ಲ. "ಐದು ತಾನೇ, ಖಂಡ ಛಾಪು ನಮ್ಮ ಹುಡುಗ್ರೂ ಹಾಕ್ತಾರೆ" ಅಂದರು. ಅದೇ ಆಲ್ಬಮ್‌ನ ಮೊದಲನೆಯದು, 'ಬ್ಲೂ ರಾಂಡೊ', ಬಂದಾಗ ಕಾಫಿ ಲೋಟ ಕೆಳಗಿಟ್ಟರು. ಟೇಬಲ್ ಮೇಲೆ ಬೆರಳಲ್ಲಿ ಲೆಕ್ಕ ಹಾಕಿದರು. ಒಂಬತ್ತು ಎಣಿಕೆ, ಎರಡು ಎರಡು ಎರಡು ಮೂರು. ಹೀಗೆ ಮೂರು ಸಲ. ನಾಲ್ಕನೇ ಸಲ ಮೂರು ಮೂರು ಮೂರು. "ಸಂಕೀರ್ಣ ಇದು! ನೋಡಿ, ನಾಲ್ಕನೇ ಸಲ ಹೆಂಗ್ ತಿರುಗಿಸ್ದ!" ಅಂತ ಇನ್ನೊಮ್ಮೆ ಹಾಕಿಸಿದರು. ನಮ್ಮ ಸಂಗೀತದಲ್ಲಿ ಒಂಬತ್ತರ ಎಣಿಕೆಗೆ ಸಂಕೀರ್ಣ ಅನ್ನುತ್ತಾರೆ. ಬ್ರೂಬೆಕ್‌ಗೆ ಇದು ಹೊಳೆದದ್ದು ಇಸ್ತಾಂಬುಲ್‌ನ ಬೀದಿಯಲ್ಲಿ ನುಡಿಸುವವರನ್ನು ಕೇಳಿ. 1958ರ ಅದೇ ಪ್ರವಾಸದಲ್ಲಿ ಅವರ ತಂಡ ಭಾರತಕ್ಕೂ ಬಂದಿತ್ತು ಅಂದಾಗ ಮೇಷ್ಟ್ರಿಗೆ ಖುಷಿಯೋ ಖುಷಿ.

'ಕೈಂಡ್ ಆಫ್ ಬ್ಲೂ' ಹುಡುಕಿದರೆ ಆ್ಯಪ್‌ನಲ್ಲಿ ಒಂದಲ್ಲ, ಹಲವು ಬರುತ್ತವೆ. ಮೋನೋ, ಸ್ಟೀರಿಯೊ, ಹೆಚ್ಚುವರಿ ಟೇಕ್‌ಗಳು (ಅದನ್ನೇ ಇನ್ನೊಮ್ಮೆ ನುಡಿಸಿ ರೆಕಾರ್ಡ್ ಮಾಡಿದವು) ಇರುವುದು. ಯಾವುದು ಏನು ಅಂತ ವಿವರ ಇಲ್ಲ. ಹಿರಿಯರ ಮನೆಯಲ್ಲಿ ಇದರ ಹಳೇ ಎಲ್‌ಪಿ (ಗ್ರಾಮಫೋನ್ ತಟ್ಟೆ) ಇದೆ. ಒಂದು ಸಂಜೆ ಎರಡನ್ನೂ ಪಕ್ಕಪಕ್ಕ ಹಾಕಿದೆವು. ಮೇಷ್ಟ್ರು ಶ್ರುತಿ ಪೆಟ್ಟಿಗೆ ಹಿಡಿದು ಕೂತರು. ಎಲ್‌ಪಿಯ ಮೊದಲ ಬದಿ ಆ್ಯಪ್‌ಗಿಂತ ಒಂದು ಕೂದಲಷ್ಟು ಮೇಲಿನ ಶ್ರುತಿಯಲ್ಲಿತ್ತು. ಪ್ಲೇಯರ್‌ದೇ ದೋಷ ಅಂದುಕೊಳ್ಳುವ ಹಾಗೂ ಇಲ್ಲ, ಎರಡನೇ ಬದಿ ತಿರುಗಿಸಿದರೆ ಎರಡೂ ಒಂದೇ ಶ್ರುತಿ. ಕಾರಣ ಇದೆ. ಮೊದಲ ಬದಿಯ ಮೂರೂ ನುಡಿಸಿದ್ದು 1959ರ ಮಾರ್ಚ್ 2ರಂದು, ನ್ಯೂಯಾರ್ಕ್‌ನ ಸ್ಟುಡಿಯೋದಲ್ಲಿ. ಆವತ್ತು ಮುಖ್ಯ ಟೇಪ್ ಮಶೀನ್ ಸ್ವಲ್ಪ ನಿಧಾನ ಓಡಿತ್ತು. ಸರಿಯಾದ ವೇಗದ ಮಶೀನ್‌ನಲ್ಲಿ ಹಾಕಿದಾಗ ಅದು ಬೇಗ ಓಡಿ ಶ್ರುತಿ ಏರಿತು. ಮೂವತ್ತು ವರ್ಷದ ಮೇಲೆ ಜಗತ್ತು ಅದನ್ನೇ ಕೇಳಿತು. ಸರಿಪಡಿಸಿದ್ದು 1992ರಲ್ಲಿ, ಜೊತೆಗೇ ಓಡಿದ್ದ ಇನ್ನೊಂದು ಮಶೀನ್‌ನ ಟೇಪ್ ಹಿಡಿದು. ಇದರ ಬಗ್ಗೆ ಆ್ಯಪ್‌ನಲ್ಲಿ ಒಂದು ಸಾಲೂ ಇಲ್ಲ. ಹಿರಿಯರು ಮಾತ್ರ ಈಗಲೂ ಎಲ್‌ಪಿಯೇ ಸರಿ ಅನ್ನುತ್ತಾರೆ. ಕಿವಿಗೆ ರೂಢಿಯಾದದ್ದು ಅದೇ ತಾನೇ.

ಕ್ವಾಲಿಟಿ ಬಗ್ಗೆ ಎಲ್ಲರೂ ಕೇಳುತ್ತಾರೆ. 320 ಕೆಬಿಪಿಎಸ್‌ನಲ್ಲಿ (ಸೆಕೆಂಡಿಗೆ ಹರಿಯುವ ಡೇಟಾದ ಅಳತೆ ಇದು) ಗಂಟೆಗೆ ಸುಮಾರು 144 ಎಂಬಿ ಖರ್ಚು. ಲಾಸ್‌ಲೆಸ್, ಅಂದರೆ ಧ್ವನಿಯಲ್ಲಿ ಏನನ್ನೂ ಕಳೆಯದ ಗುಣಮಟ್ಟ, ಹಾಕಿದರೆ ಅದರ ಎರಡು ಮೂರು ಪಟ್ಟು. ಬ್ಲೂಟೂತ್ ಇಯರ್‌ಬಡ್ಸ್‌ನಲ್ಲಿ ಕೇಳುವವರು ಲಾಸ್‌ಲೆಸ್‌ಗೆ ಜಾಸ್ತಿ ದುಡ್ಡು ಕೊಡಬೇಡಿ. ಸಾಮಾನ್ಯ ಬ್ಲೂಟೂತ್ ಹೇಗೂ ಅದನ್ನು ಮತ್ತೆ ಕುಗ್ಗಿಸಿಯೇ ಕಳಿಸುತ್ತದೆ. ನಾನು ವೈರ್ ಇರುವ ಹೆಡ್‌ಫೋನ್‌ಗೆ ಮರಳಿದೆ. ಪಿಯಾನೊ ವಾದಕ ಬಿಲ್ ಎವನ್ಸ್‌ನ 'ವಾಲ್ಟ್ಜ್ ಫಾರ್ ಡೆಬಿ' ಅದರಲ್ಲಿ ಕೇಳಿ. 1961ರ ಜೂನ್ 25ರ ಭಾನುವಾರ, ನ್ಯೂಯಾರ್ಕ್‌ನ ವಿಲೇಜ್ ವ್ಯಾನ್‌ಗಾರ್ಡ್ ಕ್ಲಬ್‌ನಲ್ಲಿ ರೆಕಾರ್ಡ್ ಆದದ್ದು. ಪಿಯಾನೊ ಮೆಲ್ಲಗಾದಾಗ ಗ್ಲಾಸ್ ತಾಗುವ ಸದ್ದು, ಯಾರೋ ಮಾತಾಡುವುದು, ಯಾರೋ ನಗುವುದು ಎಲ್ಲ ಕೇಳಿಸುತ್ತದೆ. ಮುಂದೆ ಎಂಥದ್ದು ನಡೀತಿದೆ ಅನ್ನುವ ಪರಿವೇ ಇಲ್ಲದ ಜನ! ಬೇಸ್ ನುಡಿಸಿದ ಸ್ಕಾಟ್ ಲಫಾರೊ ಇದಾಗಿ ಹನ್ನೊಂದೇ ದಿನಕ್ಕೆ ಕಾರು ಅಪಘಾತದಲ್ಲಿ ತೀರಿಕೊಂಡ. ವಯಸ್ಸು 25.

ಡೌನ್‌ಲೋಡ್ ಮಾಡಿದ್ದು ನಮ್ಮದು ಅಂದುಕೊಳ್ಳಬೇಡಿ. ಒಂದು ದಿನ ಇದ್ದಕ್ಕಿದ್ದ ಹಾಗೆ ಎರಡು ಆಲ್ಬಮ್ ಬೂದು ಬಣ್ಣಕ್ಕೆ ತಿರುಗಿದವು. ಒತ್ತಿದರೆ ಏನೂ ಇಲ್ಲ. ಕಸ್ಟಮರ್ ಕೇರ್‌ಗೆ ಬರೆದರೆ 'ಲೈಸೆನ್ಸ್' ಅಂತ ಒಂದು ರೆಡಿಮೇಡ್ ಉತ್ತರ. ಒಂದು ಎರಡು ತಿಂಗಳಿಗೆ ವಾಪಸ್ ಬಂತು, ಇನ್ನೊಂದು ಬಂದೇ ಇಲ್ಲ.

ಹುಡುಗ ಸದ್ಯ ಜಾನ್ ಕೋಲ್ಟ್ರೇನ್‌ನ ಹೆಂಡತಿ ಆಲಿಸ್ ಕೋಲ್ಟ್ರೇನ್‌ಳ 'ಜರ್ನಿ ಇನ್ ಸಚ್ಚಿದಾನಂದ' ಹಿಡಿದು ಕೂತಿದ್ದಾನೆ. 1971ರದು, ಹಾರ್ಪ್ (ಪಾಶ್ಚಾತ್ಯ ತಂತಿವಾದ್ಯ) ಜೊತೆ ತಂಬೂರಿ. "ಅಂಕಲ್, ತಂಬೂರಿ ಮೇಲೆ ಬೇಸ್ ಬರೋದು ಕೇಳಿ ಸಾಕು" ಅನ್ನುತ್ತಾನೆ. ನನ್ನದು 'ಕಿನ್ಸ್‌ಮೆನ್' (Kinsmen). ನಮ್ಮ ಕದ್ರಿ ಗೋಪಾಲನಾಥ್ ಮತ್ತು ಅಮೆರಿಕದ ರುದ್ರೇಶ್ ಮಹಂತಪ್ಪ, ಎರಡು ಆಲ್ಟೊ ಸ್ಯಾಕ್ಸೋಫೋನ್, 2008. ಎ. ಕನ್ಯಾಕುಮಾರಿ ಪಿಟೀಲು, ಪೂವಲೂರ್ ಶ್ರೀಜಿ ಮೃದಂಗ. ಗಮಕ ಯಾರದು, ಅಮೆರಿಕದ ನಡೆ ಯಾರದು ಅಂತ ಮೊದಲ ಸಲವೇ ಗೊತ್ತಾಗುತ್ತದೆ. ಆಮೇಲಾಮೇಲೆ ಇಬ್ಬರೂ ಬೆರೆತು ಗೊಂದಲವಾಗುತ್ತದೆ, ಅದೇ ಮಜಾ. ಆ್ಯಪ್ ಕದ್ರಿಯವರನ್ನು ಭಕ್ತಿಗೀತೆಯ ಸಾಲಿಗೆ ಹಾಕಿದೆ. ಜಾಝ್ ವಿಭಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ, ಆಲ್ಬಮ್ ಹೆಸರನ್ನೇ ಟೈಪ್ ಮಾಡಿ.

ಐದಕ್ಕೆ ಮೂರು ಸ್ಟಾರ್. ಮುಂದಿನ ವರ್ಷಕ್ಕೂ ಕಟ್ಟುತ್ತೇನೆ, ಆದರೆ ಲಾಸ್‌ಲೆಸ್ ಪ್ಲಾನ್ ನನಗೊಬ್ಬನಿಗೆ ಮಾತ್ರ. ಮನೆಯವರಿಗೆ ಸಾದಾ ಪ್ಲಾನ್ ಸಾಕು ಅಂತ ಅವರೇ ಹೇಳಿದ್ದಾರೆ.